ನೆತ್ತಿ ದಾಟಿ ನಿಂತ ರೆಕ್ಕೆ

ಬೆಳಗಿನ ಐದೂವರೆ. ಆಲ್ಡರ್ಬಿಯ ದಿಬ್ಬದ ಸುತ್ತ ಮಂಜು ಹಾಲಿನಂತೆ ತುಂಬಿಕೊಂಡಿದೆ. ಅದರ ಮೇಲೆ ಕಾಣುವುದು ಹಳೆಯ ಗಾಳಿಗಿರಣಿಯ ಮರದ ಮೈ ಮತ್ತು ನಾಲ್ಕು ರೆಕ್ಕೆಗಳು ಮಾತ್ರ. ಕೆಳಗೊಂದು ಊರಿದೆ ಎನ್ನುವುದು ನಾಯಿಯೊಂದು ಬೊಗಳಿದಾಗಲೇ ಗೊತ್ತಾಗುವುದು. ಅರವತ್ತೆಂಟರ ಮೇವಿಸ್ ಡ್ರೂರಿ ಗಿರಣಿಯ ಹಿಂಬದಿಯ ಉದ್ದನೆಯ ತೊಲೆಗೆ ಹೆಗಲು ಕೊಟ್ಟು ತಳ್ಳುತ್ತಿದ್ದಾರೆ. ಒಂಟಿ ಕಂಬದ ಮೇಲೆ ಕೂತ ಗಿರಣಿ ನರಳುತ್ತಾ, ಗಾಳಿ ಬರುವ ಪಶ್ಚಿಮಕ್ಕೆ ಮುಖ ಮಾಡುತ್ತದೆ.

"ಗಾಳಿ ಇನ್ನೂ ಎದ್ದಿಲ್ಲ. ಅದು ಏಳೋ ಹೊತ್ತಿಗೆ ನಾವು ರೆಡಿ ಇರ್ಬೇಕಲ್ಲ" ಎನ್ನುತ್ತಾರೆ, ಉಸಿರು ಸುಧಾರಿಸಿಕೊಂಡು.

ನಾಲ್ಕು ವರ್ಷಗಳ ನಂತರ ಇವತ್ತು ರೆಕ್ಕೆ ತಿರುಗಬೇಕು. ದಿಬ್ಬದ ಕೆಳಗಿನ ಓಣಿಯಲ್ಲಿ, ಕಿಟಕಿಗೆ ಒತ್ತಿದ ಮಂಚದಲ್ಲಿ ಎರ್ನಿ ಪ್ಯಾಡಿಸನ್ ಮಲಗಿದ್ದಾರೆ. ತೊಂಬತ್ನಾಲ್ಕು ವಯಸ್ಸು. ಇಲ್ಲಿ ಗೋಧಿ ಬೀಸಿದವರಲ್ಲಿ ಉಳಿದಿರುವವರು ಅವರೊಬ್ಬರೇ. ಇನ್ನು ಕೆಲವೇ ದಿನ ಎಂದು ಡಾಕ್ಟರು ಹೇಳಿಯಾಗಿದೆ. ಅವರು ಕಣ್ಣು ಮುಚ್ಚುವ ಮೊದಲು ರೆಕ್ಕೆ ಜಾಗ ಬದಲಿಸಬೇಕು ಎನ್ನುವುದೊಂದೇ ಮೇವಿಸ್ ಅವರ ತವಕ.

ಈ ಕಡೆಯ ಊರುಗಳಲ್ಲಿ ನಿಂತ ರೆಕ್ಕೆಗೂ ಮಾತಿದೆ. ಏರುವ ರೆಕ್ಕೆ ನೆತ್ತಿಗೆ, ಅಂದರೆ ಸುತ್ತಿನ ತುತ್ತತುದಿಗೆ, ಸ್ವಲ್ಪ ಮೊದಲು ನಿಂತರೆ ಮದುವೆಯೋ ಮಗುವೋ, ಅಂತೂ ಸಂತೋಷದ ಸುದ್ದಿ. ನೆತ್ತಿ ದಾಟಿ ಇಳಿಮುಖವಾಗಿ ನಿಂತರೆ ಸಾವು. ನಾಲ್ಕು ವರ್ಷದ ಹಿಂದೆ ಬಿರುಗಾಳಿ ಎದ್ದ ಸಂಜೆ ಮೇವಿಸ್ ಗಡಿಬಿಡಿಯಲ್ಲಿ ಬ್ರೇಕು ಎಳೆದರು. ರೆಕ್ಕೆ ನೆತ್ತಿ ದಾಟಿ ನಿಂತಿತು. ಬೆಳಗ್ಗೆ ನೋಡಿದರೆ ರೆಕ್ಕೆಗಳನ್ನು ಹೊತ್ತ ಅಚ್ಚೇ ಸೀಳಿಹೋಗಿತ್ತು. ಹೊಸ ಅಚ್ಚು ಕೂರಿಸುವವರೆಗೆ ರೆಕ್ಕೆ ಅಲುಗಿಸಕೂಡದು ಎಂದಾಯಿತು, ಅದಕ್ಕೆ ನಾಲ್ಕು ವರ್ಷ ಹಿಡಿಯಿತು.

ಊರಿಗೆ ಅದೆಲ್ಲ ಏನು ಗೊತ್ತು? ಸತ್ತವರು ಗಿರಣಿಯ ಹಿರಿಯ ಎರ್ನಿಯೇ ಇರಬೇಕೆಂದು ಬೆಳಗಾಗುತ್ತಲೇ ಅವರ ಬಾಗಿಲಿಗೆ ಒಣದ್ರಾಕ್ಷಿ ಬ್ರೆಡ್ಡು, ಸೂಪು, ಬಿಳಿ ಹೂವು ಬಂದವು. ಬಾಗಿಲು ತೆರೆದವರು ಎರ್ನಿಯೇ.

"ಬ್ರೆಡ್ಡನ್ನ ವಾಪಸ್ ಕೊಡ್ಲಿಲ್ಲ ಕಣ್ರೀ, ಆ ಮುದುಕ! 'ಸತ್ತೋನಿಗೆ ಅಂತ ತಂದಿದ್ದೀರಿ, ನಾನೇ ತಿಂತೀನಿ' ಅಂದ್ರಂತೆ" ಎಂದು ಮೇವಿಸ್ ನಗುತ್ತಾರೆ. ಮರುಕ್ಷಣವೇ ಮುಖ ಬಾಡುತ್ತದೆ. "ತಪ್ಪು ನಂದೇ. ದಿನಾ ಕಣ್ಣು ಬಿಟ್ರೆ ಅವರಿಗೆ ಕಾಣೋದು ಅದೇ ರೆಕ್ಕೆ."

ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದ ಮೇವಿಸ್ ಅವರಿಗೆ ಗಿರಣಿ ನೋಡಿಕೊಳ್ಳುವುದಕ್ಕೆ ಸಂಬಳವಿಲ್ಲ. ದಿನಕ್ಕೆ ಆರು ಸಲ ಇಪ್ಪತ್ತೆಂಟು ಮೆಟ್ಟಿಲ ಏಣಿ ಹತ್ತುತ್ತಾರೆ, ಹಲ್ಲುಚಕ್ರಕ್ಕೆ ಕೊಬ್ಬು ಸವರುತ್ತಾರೆ, ಇಲಿ ಓಡಿಸುತ್ತಾರೆ. ರೆಕ್ಕೆ ತಿರುಗದ ವರ್ಷಗಳಲ್ಲೂ ಗಿರಣಿಯ ಮೈ ತಿರುಗಿಸುವುದನ್ನು ಬಿಟ್ಟಿಲ್ಲ, ಬಿರುಗಾಳಿ ಬೆನ್ನಿಗೆ ಬಿದ್ದರೆ ಗಿರಣಿ ಉಳಿಯುವುದಿಲ್ಲ. ಸಂಜೆ ಊರಿನ ಹಿರಿಯರ ಪಕ್ಕ ಕೂತು ನೆನಪು ಬರೆದುಕೊಳ್ಳುತ್ತಾರೆ. ಊರಲ್ಲಿ ಮೂರು ಗಿರಣಿಗಳಿದ್ದ ಕಾಲ, ರೆಕ್ಕೆಯ ವೇಗ ನೋಡಿ ಹೆಂಗಸರು ಬಟ್ಟೆ ಒಣಹಾಕುತ್ತಿದ್ದುದು, ಎಲ್ಲವೂ ಮೂರು ನೋಟ್‌ಬುಕ್ಕುಗಳಲ್ಲಿದೆ. ಅವರದೇ ನೆನಪೂ ಒಂದಿದೆ. ಏಳೆಂಟು ವರ್ಷದವಳಿದ್ದಾಗ ಹಿಟ್ಟಿನ ಚೀಲದ ಮೇಲೆ ನಿದ್ದೆ ಹೋದದ್ದು, ಬೀಸುಕಲ್ಲಿನ ಗುಡುಗುಡು, ಎಚ್ಚರವಾದಾಗ ರೆಪ್ಪೆಯ ಮೇಲೆಲ್ಲ ಹಿಟ್ಟು. ಅಂದು ಬೀಸುತ್ತಿದ್ದವರು ಎರ್ನಿ.

ಏಳೂಕಾಲಿಗೆ ಹುಲ್ಲು ಅಲುಗುತ್ತದೆ. ಮಂಜು ಹರಿಯತೊಡಗುತ್ತದೆ. ಮೇವಿಸ್ ಒಳಗೆ ಹೋಗಿ ಬ್ರೇಕಿನ ಹಗ್ಗ ಸಡಿಲಿಸುತ್ತಾರೆ. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಹೊಸ ಅಚ್ಚು ಮೆಲ್ಲಗೆ ಕಿರುಗುಟ್ಟಿ, ಕಿಟಕಿಯಾಚೆ ರೆಕ್ಕೆಯ ನೆರಳು ಹಾದುಹೋಗುತ್ತದೆ. ಮತ್ತೊಂದು. ಇನ್ನೊಂದು. ಮೇವಿಸ್ ಕಣ್ಣು ಒರೆಸಿಕೊಳ್ಳುತ್ತಾ, ಬ್ರೇಕು ಎಳೆಯುವ ಗಳಿಗೆಗಾಗಿ ನೆರಳು ಎಣಿಸುತ್ತಾರೆ. ಮೊದಲ ಸಲ ಬ್ರೇಕು ತಡವಾಗುತ್ತದೆ, ರೆಕ್ಕೆ ಮತ್ತೆ ನೆತ್ತಿ ದಾಟಿ ನಿಲ್ಲುತ್ತದೆ. "ಥೂ, ನನ್ನ ಕೈಯೇ!" ಎಂದು ಬೈದುಕೊಂಡು ಮತ್ತೆ ಬಿಡುತ್ತಾರೆ. ಎರಡನೆಯ ಸಲ ರೆಕ್ಕೆ ನೆತ್ತಿಗೆ ಒಂದು ಗೇಣು ಮೊದಲು ನಿಲ್ಲುತ್ತದೆ.

ಎರ್ನಿಯವರ ಕೋಣೆಗೆ ಮೇವಿಸ್ ಓಡುತ್ತಲೇ ಬರುತ್ತಾರೆ.

"ನೋಡಿದ್ರಾ ಮಾಮ?"

"ನೋಡ್ದೆ. ಮೊದಲ್ನೇ ಸಲ ತಪ್ಪಿದ್ದೂ ನೋಡ್ದೆ" ಎಂದು ಎರ್ನಿ ನಗುತ್ತಾರೆ. ಆಮೇಲೆ ಮೇವಿಸ್ ಅವರ ಕೈ ಹಿಡಿದು, "ನಾನು ಹೋದ ದಿನ ರೆಕ್ಕೆನ ಮತ್ತೆ ನೆತ್ತಿ ದಾಟಿಸಿ ನಿಲ್ಲಿಸ್ಬೇಡ ಕಣೇ ಹುಡುಗಿ. ನಾಲ್ಕು ವರ್ಷ ನನಗೇ ಅಂತ ಅತ್ತಾಗಿದೆ ಅದು. ಅವತ್ತು ಸುಮ್ನೆ ತಿರುಗೋಕೆ ಬಿಡು."

ಮೇವಿಸ್ ತಲೆಯಾಡಿಸುತ್ತಾರೆ. ಹೊರಗೆ ಬಂದು ದಿಬ್ಬದ ಕಡೆಗೆ ನಡೆಯುತ್ತಾರೆ. ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ, ಯೋಚಿಸದೆ ಉತ್ತರ ಬರುತ್ತದೆ.

"ಅವತ್ತು ಒಂಚೂರು ಗಾಳಿ ಇದ್ರೆ ಸಾಕು."