ಹೊಲಿದ ಜೇಬು

ನಮ್ಮ ಬೀದಿಯ ದರ್ಜಿ ಸೂಜಿ ಇಟ್ಟ ಜಾಗ ಮರೆತಾನು, ಹಗೆ ಮಾತ್ರ ಮರೆಯುವವನಲ್ಲ. ಬೈಯುವುದಿಲ್ಲ, ಕೈ ಎತ್ತುವುದಂತೂ ದೂರದ ಮಾತು. ಅವನ ಸೇಡೆಲ್ಲ ಕತ್ತರಿಯ ಬಾಯಲ್ಲಿ. ಬಟ್ಟೆ ತಡವಾಯಿತೆಂದು ರೇಗಿದ ಪೋಸ್ಟ್‌ಮ್ಯಾನನಿಗೆ ಕಾಲರು ಉರುಲಾಯಿತು, ಕಂಡೂ ಕಾಣದಂತೆ ಹೋದ ಮೇಷ್ಟರಿಗೆ ಕೋಟಿನ ಒಂದು ತೋಳು ಗಿಡ್ಡವಾಯಿತು. "ಏನಯ್ಯಾ ಇದು?" ಎಂದರೆ, "ಅಳತೆ ಸರಿಯಾಗೇ ಇದೆ ಮೇಷ್ಟ್ರೇ, ನಿಮ್ಮ ಕೈಯೇ ಬೆಳೆದಿದೆ" ಎಂದು ಗುಂಡುಸೂಜಿ ಕಚ್ಚಿಕೊಂಡೇ ನಗುತ್ತಾನೆ. ವರ್ಷ ಕಳೆದು ಕೋಪ ಆರಿದ ಮೇಲೆ ತಾನೇ ಕೂಗಿ ಕರೆದು ಸರಿಮಾಡಿಕೊಡುತ್ತಾನೆ. ಅದೇ ಅವನ ಕ್ಷಮೆ. ಆ ಕರೆ ಹೋಗದೆ ಉಳಿದದ್ದು ಒಡಹುಟ್ಟಿದ ಅಣ್ಣನಿಗೆ ಮಾತ್ರ. ಅಮ್ಮ ಸಾಯುವಾಗ ಈ ಅಣ್ಣ ತಡವಾಗಿ ಹೇಳಿಕಳಿಸಿದ್ದ, ದರ್ಜಿಗೆ ಅವಳ ಮುಖ ನೋಡಲು ಸಿಕ್ಕಿರಲಿಲ್ಲ. ಹನ್ನೆರಡು ವರ್ಷದ ಹಿಂದೆ ಅಣ್ಣ ರಾಜಿಗೆಂದೇ ನೀಲಿ ಬಟ್ಟೆ ತಂದು, "ನಿನ್ನ ಕೈಯಿಂದ ಒಂದು ಅಂಗಿ ಹೊಲಿದುಕೊಡೋ ತಮ್ಮಾ" ಎಂದ. ದರ್ಜಿ ಹೊಲಿದುಕೊಟ್ಟ. ಜೇಬಿನ ಬಾಯಿಗೆ ಎರಡು ಸಾಲು ಹೊಲಿಗೆ ಹಾಕಿ ಮುಚ್ಚಿದ್ದ. ಕಳೆದ ತಿಂಗಳು ಅಣ್ಣ ತೀರಿಕೊಂಡ, ದರ್ಜಿ ಅತ್ತ ತಲೆಹಾಕಲಿಲ್ಲ. ಇಂದು ಅತ್ತಿಗೆಯೇ ಬಂದು ಆ ಅಂಗಿಯನ್ನು ಮಿಷನ್ನಿನ ಮೇಲಿಟ್ಟಳು. ನೀಲಿ ಮಾಸಿ ಬೂದುಬಣ್ಣವಾಗಿತ್ತು, ಜೇಬು ಹಾಗೇ ಮುಚ್ಚಿತ್ತು. "ನಾನೇ ಬಿಚ್ತೀನಿ ಅಂದ್ರೆ ಬಿಡ್ತಿರಲಿಲ್ಲಪ್ಪ. 'ಹೊಲಿದವನೇ ಒಂದಿನ ಕರೀತಾನೆ, ಸುಮ್ನಿರೇ' ಅಂತಿದ್ರು. ಕನ್ನಡಕಾನ ಕೈಯಲ್ಲೇ ಹಿಡ್ಕೊಂಡು ಓಡಾಡಿದ್ರು. ಇನ್ನಾದ್ರೂ ಬಿಚ್ಚಿಕೊಡು." ದರ್ಜಿ ಬ್ಲೇಡು ಹಿಡಿದು ಒಂದೊಂದೇ ಹೊಲಿಗೆ ಬಿಚ್ಚಿದ. ಜೇಬಿನೊಳಗೆ ಏನೂ ಇರಲಿಲ್ಲ. ಬಿಸಿಲು ಕಾಣದ ಒಳಗಿನ ಬಟ್ಟೆ ಮಾತ್ರ ಅಣ್ಣ ತಂದುಕೊಟ್ಟ ದಿನದ ನೀಲಿಯಲ್ಲೇ ಇತ್ತು.