ಗೋಡೆ ಕಳ್ಳಿಯನ್ನು ಕಾವೇರಮ್ಮ ತೋರಿಸಿಕೊಟ್ಟಳು

ಕಾವೇರಮ್ಮನನ್ನು ನಂಬಿ ನಡೆಯುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಈ ಸಲದ ಮೇ ತಿಂಗಳಲ್ಲಿ ನನ್ನ ತಂಗಿ ಶಾರದೆಯ ಮನೆಯ ಗೋಡೆಗಳು ಮಾಯವಾಗತೊಡಗಿದವು. ಕಟ್ಟಿ ಮುಗಿದ ಮನೆಯಲ್ಲ, ಕಂಪ್ಯೂಟರಿನಲ್ಲಿ ನಾನು ಕಟ್ಟುತ್ತಿದ್ದ ಮನೆ. ನಾನು ಕುಶಾಲನಗರದಲ್ಲಿ ಒಬ್ಬ ಇಂಜಿನಿಯರರ ಆಫೀಸಿನಲ್ಲಿ ಮನೆಗಳ ಪ್ಲಾನು, ಮಾಡೆಲ್ಲು ಮಾಡುವವಳು.

ನೆಲ್ಯಹುದಿಕೇರಿಯಲ್ಲಿದ್ದ ಶಾರದೆಯ ಹಳೆ ಮನೆ ಹೊಳೆನೀರಿಗೆ ಹೋದ ಮೇಲೆ ಅವಳ ಸಂಸಾರವೆಲ್ಲ ಎಸ್ಟೇಟಿನ ಕೂಲಿಯವರ ಲೈನ್ ಮನೆಯ ಒಂದೇ ಕೋಣೆಯಲ್ಲಿತ್ತು. ಎತ್ತರದಲ್ಲಿ ಬೇರೆ ಜಾಗ ಸಿಕ್ಕಿತ್ತು. ಇಳಿಜಾರಿನ ಜಾಗವಾದ್ದರಿಂದ ಮಾಡೆಲ್ ನೋಡದೆ ಪಾಯಕ್ಕೆ ಗುರುತು ಹಾಕುವುದಿಲ್ಲ ಎಂದು ನಮ್ಮ ಸಾರ್ ಹೇಳಿಬಿಟ್ಟಿದ್ದರು. ಮಳೆ ಹಿಡಿದರೆ ಮುಗಿಯಿತು, ಇನ್ನೊಂದು ಮಳೆಗಾಲ ಲೈನಿನಲ್ಲೇ.

"ಅಕ್ಕ, ಪಾಯ ಒಂದ್ ಬಿದ್ಬಿಟ್ರೆ ಸಾಕು ಕಣೆ, ನಾನ್ ನೆಮ್ಮದಿಯಾಗಿ ಮಲಗ್ತೀನಿ," ಎಂದು ಅವಳು ಫೋನಿನಲ್ಲಿ ಅಳುತ್ತಿದ್ದಳು.

ಪರದೆಯಲ್ಲಿ ಮಾಡೆಲ್ ಹತ್ತಿರಕ್ಕೆ ಹೋದರೆ ಸಾಕು, ಕತ್ತಿಯಲ್ಲಿ ಕೊಯ್ದ ಹಾಗೆ ಗೋಡೆ ಅರ್ಧ ಇಲ್ಲ. ತಿರುಗಿಸಿದರೆ ಮನೆಯ ಮೇಲಿನ ಮಾಡು ಇಲ್ಲ. ಗೋಡೆಗಳನ್ನು ಅಳಿಸಿ ಹೊಸದಾಗಿ ಎಬ್ಬಿಸಿದೆ, ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದೆ. ಬೇರೆಯವರ ಮನೆಗಳೆಲ್ಲ ಚೆನ್ನಾಗಿಯೇ ಇದ್ದವು, ನನ್ನ ತಂಗಿಯ ಮನೆಗೆ ಮಾತ್ರ ಈ ಗತಿ. ಸುಮ್ಮನೆ ಆಗುವ ಮಾತೇ?

ನನ್ನ ಅನುಮಾನ ದಮಯಂತಿಯ ಮೇಲೆ. ಪಕ್ಕದ ಟೇಬಲ್ಲಿನವಳು, ಮಡಿಕೇರಿ ಕಡೆಯವಳು, ಹೊಸದಾಗಿ ಸೇರಿದವಳು. ಕಾರಣವಿಲ್ಲದೆ ನಗುತ್ತಾಳೆ. ಅಂಥವರನ್ನು ನಾನು ಜನ್ಮದಲ್ಲಿ ನಂಬಿದವಳಲ್ಲ. "ಅಕ್ಕಾ, ನಾನೊಂಚೂರು ನೋಡ್ಲಾ?" ಎಂದು ದಿನಾ ಕೇಳುತ್ತಿದ್ದಳು. ಇವಳಿಗ್ಯಾಕೆ ನನ್ನ ತಂಗಿ ಮನೆಯ ಉಸಾಬರಿ? ಪಾಸ್‌ವರ್ಡ್ ಬದಲಿಸಿ ಸಾರ್‌ಗೆ ಮಾತ್ರ ಹೇಳಿದೆ. ಅವಳು ಕೊಟ್ಟ ಹಲಸಿನ ತೊಳೆಯನ್ನು ಹಸುವಿಗೆ ಹಾಕಿದೆ. ಮೌಸ್ ಇದ್ದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಮಾಡಿ ಊಟಕ್ಕೆ ಹೋದೆ. ಬಂದು ನೋಡಿದರೆ ಮೌಸ್ ಒಂದು ಎಳ್ಳಿನಷ್ಟೂ ಕದಲಿರಲಿಲ್ಲ. ಎಷ್ಟು ನಾಜೂಕಿನ ಕಳ್ಳಿ ನೋಡಿ ಎಂದುಕೊಂಡೆ.

"ಶುಕ್ರವಾರದೊಳಗೆ ಆಗ್ಲಿಲ್ಲ ಅಂದ್ರೆ ಮಳೆ ಕಳೀಲಿ ಬಿಡಿ ಗಿರಿಜಮ್ಮ," ಎಂದರು ಸಾರ್.

ಗುರುವಾರ ಅರ್ಧ ದಿನ ರಜೆ ಹಾಕಿ ಹೊಳೆದಡದ ಅಮ್ಮನ ಗುಡಿಗೆ ಹೊರಟೆ. ಬಸ್ಸಿನಲ್ಲಿ ಪಕ್ಕದ ಹೆಂಗಸು ಎಲ್ಲಿಗೆ ಎಂದು ಕೇಳಿದಳು. ದಮಯಂತಿಯ ಕಡೆಯವಳಾಗಿದ್ದರೆ? ಸಿದ್ದಾಪುರದ ಬಸ್ಸಿನಲ್ಲಿ ಕೂತು, ಬೇರೆಯೇ ದಿಕ್ಕಿನ ಪಿರಿಯಾಪಟ್ಟಣಕ್ಕೆ ಎಂದೆ. ಅವಳು ಮತ್ತೆ ನನ್ನನ್ನು ಮಾತಾಡಿಸಲಿಲ್ಲ.

ಗುಡಿಯಲ್ಲಿ ಸೆರಗೊಡ್ಡಿ ಬೇಡಿಕೊಂಡೆ: "ಅಮ್ಮಾ, ಮನೆ ಆಮೇಲೆ ಸರಿ ಮಾಡು. ಈ ಕೆಲಸ ಮಾಡಿದ್ದು ಯಾರು ಅಂತ ಮೊದ್ಲು ನನ್ನ ಕಣ್ಣಿಗೆ ತೋರಿಸು."

ಮಧ್ಯಾಹ್ನ ಆಫೀಸಿನ ಬಾಗಿಲು ತಳ್ಳಿದರೆ ದಮಯಂತಿ ನನ್ನ ಕುರ್ಚಿಯಲ್ಲೇ ಕೂತಿದ್ದಾಳೆ! ಎದುರಿಗೆ ಶಾರದೆಯ ಮನೆ. ಅಮ್ಮ ಇಷ್ಟು ಬೇಗ ಓಗೊಟ್ಟಳೇ ಎಂದು ಹೊಳೆಯ ದಿಕ್ಕಿಗೆ ಕೈ ಮುಗಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ಆಗ ನೆನಪಿಗೆ ಬರಬೇಕಲ್ಲ!

"ಏನೇ ಮಾಡ್ತಿದ್ದೀಯ ಅಲ್ಲಿ?" ಎಂದು ಕೂಗಿದೆ.

"ಸಾರೇ ತೆಗ್ದು ಕೊಟ್ರು ಅಕ್ಕಾ. ಇಲ್ಲಿ ಬನ್ನಿ, ಒಂದು ವಿಚಿತ್ರ ಉಂಟು."

ಫೈಲಿನಲ್ಲಿರುವುದನ್ನೆಲ್ಲ ಒಟ್ಟಿಗೆ ತೋರಿಸುವ ಬಟನ್ ಒತ್ತಿದಳು. ಮನೆ ಸಾಸಿವೆಯಷ್ಟಾಗಿ ಒಂದು ಮೂಲೆಗೆ ಹೋಯಿತು. ಎದುರು ಮೂಲೆಯಲ್ಲಿ ಇನ್ನೊಂದು ಚುಕ್ಕೆ.

"ನೋಡಿ, ಅದು ಎಷ್ಟು ದೂರ ಉಂಟು. ಎರಡನ್ನೂ ಒಂದೇ ನೋಟಕ್ಕೆ ಹಿಡೀಲಿಕ್ಕೆ ಹೋಗಿ ಈ ಕಂಪ್ಯೂಟರಿಗೆ ಹತ್ರದ ಗೋಡೆ ಕಾಣೋದಿಲ್ಲ," ಎನ್ನುತ್ತ ಚುಕ್ಕೆಯನ್ನು ದೊಡ್ಡದು ಮಾಡಿದಳು. ಅದೊಂದು ಪುಟ್ಟ ದೀಪ.

"ಇದು ಯಾರು ಇಟ್ಟದ್ದು ಅಕ್ಕಾ?"

ನಾನೇ. ಯಾವ ಮನೆಯ ಕೆಲಸ ಹಿಡಿದರೂ ಮನೆಯ ಪಕ್ಕದಲ್ಲೊಂದು ದೀಪ ಬರೆದು ಶುರು ಮಾಡುವುದು ನನ್ನ ಪದ್ಧತಿ. ತಂಗಿಯ ಮನೆಯೆಂದು ಈ ಸಲ ಭಕ್ತಿ ಹೆಚ್ಚಾಗಿ, ದೀಪವನ್ನು ತಲಕಾವೇರಿ ಇರುವ ದಿಕ್ಕಿಗೆ, ತಲಕಾವೇರಿ ನಿಜವಾಗಿ ಇರುವಷ್ಟೇ ದೂರದಲ್ಲಿ ಇಟ್ಟಿದ್ದೆ. ಯಾರ ಕಣ್ಣೂ ಬೀಳದಿರಲಿ ಎಂದು ಆದಷ್ಟು ಚಿಕ್ಕದಾಗಿ ಬರೆದಿದ್ದೆ.

"ನಾನೇ ಕಣಮ್ಮ," ಎಂದೆ. ಈಗ ಅಳಿಸಿಬಿಡುತ್ತಾಳೆ ಎಂದು ಅವಳ ಕೈಯನ್ನೇ ನೋಡುತ್ತ ನಿಂತೆ. ಆಗಲೂ ಅನುಮಾನ ಬಿಡಲಿಲ್ಲ ನೋಡಿ. ಅವಳು ಅಳಿಸಲಿಲ್ಲ. ದೀಪವನ್ನು ಮೆಲ್ಲಗೆ ತಂದು ಶಾರದೆಯ ದೇವರಕೋಣೆಯಲ್ಲಿಟ್ಟಳು.

"ಅಮ್ಮನ್ನ ಅಷ್ಟು ದೂರ ನಿಲ್ಸಿದ್ರೆ ಹೇಗೆ ಅಕ್ಕಾ?" ಎಂದಳು.

ಗೋಡೆಗಳೆಲ್ಲ ಬಂದು ನಿಂತವು. ನಾನು ಅವಳ ಹೆಗಲ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಶುಕ್ರವಾರ ಸಾರ್ ಒಪ್ಪಿದರು. ಮಳೆ ಹಿಡಿಯುವ ಮೊದಲೇ ಪಾಯ ಬಿತ್ತು. ಅಮ್ಮನ ಮೇಲಿನ ನನ್ನ ನಂಬಿಕೆ ಮೊದಲಿಗಿಂತ ಗಟ್ಟಿಯಾಗಿದೆ. ಕೇಳಿದ್ದನ್ನು ಕೇಳಿದ ಕ್ರಮದಲ್ಲೇ ಕೊಟ್ಟಳು, ಒಂದು ಅಕ್ಷರ ಹೆಚ್ಚುಕಮ್ಮಿ ಮಾಡಲಿಲ್ಲ. ಆದ್ದರಿಂದ ಭಕ್ತರೇ, ಕಷ್ಟ ಬಂದಾಗ ಮನಸ್ಸು ಬಿಚ್ಚಿ ಬೇಡಿಕೊಳ್ಳಿ. ಮಾಡಿದವರನ್ನು ತೋರಿಸು ಎಂದು ಮಾತ್ರ ಯೋಚನೆ ಮಾಡಿ ಕೇಳಿ. ತೋರಿಸಿಬಿಡುತ್ತಾಳೆ.