ತಪ್ಪಕ್ಕನ ಎದ್ದುನಿಂತ ಪರದೆ

ನಮ್ಮ ಬೀದಿಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ತಪ್ಪಕ್ಕ ಎಂದೇ. ಪ್ರೆಸ್ಸಿನ ಪುಸ್ತಕಗಳ ಕರಡು ತಿದ್ದುವುದು ಅವಳ ಕಸುಬು, ಕಂಡವರ ಬೋರ್ಡು ತಿದ್ದುವುದು ಚಟ. ನಾನು ಕನ್ನಡಕದ ಅಂಗಡಿ ತೆರೆದ ದಿನವೇ ಬಂದು, "ಅಣ್ಣ, ಬೋರ್ಡಲ್ಲಿ ಎರಡು ತಪ್ಪಿದೆ" ಎಂದಿದ್ದಳು. ನಾನು ತಿದ್ದಿಸಲಿಲ್ಲ. ಅವಳೂ ಬಿಡಲಿಲ್ಲ. ಅಂಗಡಿಯ ಮುಂದೆ ಹಾದುಹೋಗುವಾಗಲೆಲ್ಲ ಮಾತಿಲ್ಲದೆ ಎರಡು ಬೆರಳು ಎತ್ತಿ ತೋರಿಸುತ್ತಿದ್ದಳು.

ಅಂಥವಳು ಎರಡು ತಿಂಗಳಲ್ಲಿ ಎರಡು ಕನ್ನಡಕ ಕೊಂಡು, ಬುಧವಾರ ಮಧ್ಯಾಹ್ನ ಮೂರನೆಯದಕ್ಕೆ ಬಂದಳು. ವ್ಯಾಪಾರಿಗೆ ಖುಷಿಯಾಗಬೇಕಿತ್ತು. ಅವಳ ಮುಖ ನೋಡಿದ ಮೇಲೆ ಆಗಲಿಲ್ಲ.

"ಇದೂ ಹೊಂದ್ತಿಲ್ಲ, ಅಣ್ಣ. ಕಂಪ್ಯೂಟರಲ್ಲಿ ಅಕ್ಷರ ಎಲ್ಲಾ ಮಸುಕು ಮಸುಕು. ಸಾಲದು ಅಂತ ಅಂಚಿಗೆ ಬಣ್ಣ ಬೇರೆ. ಶನಿವಾರದಿಂದ ಕೆಲಸ ಬಿಡ್ತೀನಿ ಅಂತ ಪ್ರೆಸ್ ಯಜಮಾನರಿಗೆ ಹೇಳ್ಬಿಟ್ಟೆ."

"ಇಪ್ಪತ್ತಾರು ವರ್ಷದ ಕೆಲಸ ಅಕ್ಕ ಅದು."

"ಅದಕ್ಕೇ. ನನ್ನ ಕೈಯಿಂದ ತಪ್ಪು ಅಚ್ಚಾಗೋದು ಬೇಡ. ನಮ್ಮಮ್ಮನಿಗೂ ಐವತ್ತಕ್ಕೇ ಕಣ್ಣು ಮಂಜಾಗಿತ್ತು. ನಂಗೀಗ ಐವತ್ತು."

ಗೋಡೆಯ ಮೇಲಿನ ಕಣ್ಣು ಪರೀಕ್ಷೆಯ ಪಟ ಓದಿಸಿದೆ. ಕೊನೆಯ ಸಾಲನ್ನೂ ತಡವರಿಸದೆ ಓದಿದಳು.

"ಬಣ್ಣ ಅಂದ್ರಲ್ಲ, ಎಂಥ ಬಣ್ಣ?"

"ಅಕ್ಷರದ ಈ ಕಡೆ ಕೆಂಪು, ಆ ಕಡೆ ನೀಲಿ."

"ಕಾಗದದ ಮೇಲೂ ಹಾಗೇನಾ?"

"ಕಾಗದದ ಮೇಲೆ ಸರಿಯಾಗೇ ಇದೆಯಲ್ಲ."

ಎರಡನೆಯ ಕನ್ನಡಕ ಮಾರುವ ಮೊದಲೇ ಕೇಳಬೇಕಾದ ಪ್ರಶ್ನೆ ಇದು. ಕೇಳದ್ದನ್ನು ನನ್ನ ಮರೆವಿನ ತಲೆಗೆ ಕಟ್ಟಿಬಿಡಿ. ಭೂತಗನ್ನಡಿ ಜೇಬಿಗೆ ಹಾಕಿಕೊಂಡು ಅವಳ ಹಿಂದೆ ಹೊರಟೆ.

ದರ್ಜಿಯ ಅಂಗಡಿಯ ಮೇಲಿನ ಮನೆ. ಕಿಟಕಿಯ ಪಕ್ಕ ಮೇಜು, ಲೋಟದ ತುಂಬ ಕೆಂಪು ಪೆನ್ನು, ಹಾರಿಹೋಗದಂತೆ ಇಸ್ತ್ರಿಪೆಟ್ಟಿಗೆ ಹೇರಿದ ಕರಡಿನ ಕಟ್ಟು. ಕಂಪ್ಯೂಟರು ಹಳೆಯದು. ಮುದಿಯಾದ ಅದಕ್ಕೆ ಮೈದುನ ನಾಲ್ಕು ವರ್ಷದ ಹಿಂದೆ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಟ್ಟಿದ್ದ. ಅಂದಿನಿಂದ ಅದು ತಕರಾರಿಲ್ಲದೆ ದುಡಿದಿತ್ತು. ಆದರೆ ಪರದೆ ಎಲ್ಲರ ಮನೆಯಲ್ಲಿರುವಂತೆ ಅಗಲಕ್ಕೆ ಮಲಗಿರಲಿಲ್ಲ. ಬೀರುವಿನ ಹಾಗೆ ಉದ್ದುದ್ದ ನಿಂತಿತ್ತು.

"ಇದ್ಯಾಕಕ್ಕ ಹೀಗೆ ಎದ್ದು ನಿಂತಿದೆ?"

"ಪುಟ ಪೂರ್ತಿ ಒಟ್ಟಿಗೆ ಕಾಣ್ಲಿ ಅಂತ ನಾನೇ ತಿರುಗಿಸಿದೆ. ಅರ್ಧ ಪುಟ ನೋಡ್ಕೊಂಡು ಕರಡು ತಿದ್ದೋಕಾಗುತ್ತಾ?"

"ಯಾವಾಗ ತಿರುಗಿಸಿದ್ದು?"

"ಎರಡು ತಿಂಗಳ..." ಎಂದವಳು ಅಲ್ಲಿಗೇ ನಿಲ್ಲಿಸಿ ನನ್ನ ಮುಖ ನೋಡಿದಳು.

ಪರದೆಗೆ ಭೂತಗನ್ನಡಿ ಹಿಡಿದೆ. ಒಂದೊಂದು ಚುಕ್ಕೆಯೊಳಗೂ ಕೆಂಪು, ಹಸಿರು, ನೀಲಿ ಗೆರೆಗಳು ಒಂದರ ಮೇಲೊಂದು ಮಲಗಿದ್ದವು. ಅವಳು ಮೈದುನನಿಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ, ನಾನು ಕಂಡದ್ದನ್ನೆಲ್ಲ ಹೇಳಿದಳು.

"ಅಯ್ಯೋ ಅತ್ತಿಗೆ, ಪರದೆ ತಿರುಗಿಸಿದ್ದು ನಂಗೊಂದು ಮಾತು ಹೇಳೋದಲ್ವಾ? ಅಕ್ಷರ ನುಣುಪಾಗಿ ಕಾಣ್ಲಿ ಅಂತ ಲಿನಕ್ಸು ಆ ಮೂರು ಬಣ್ಣನೂ ಬೇರೆಬೇರೆ ಬೆಳಗಿಸುತ್ತೆ. ಗೆರೆಗಳು ಅಕ್ಕಪಕ್ಕ ಇವೆ ಅಂತಲೇ ಅದು ಇನ್ನೂ ನಂಬ್ಕೊಂಡಿದೆ. ಫಾಂಟ್ ಸೆಟ್ಟಿಂಗ್ ತೆಗೀರಿ, ಸಬ್‌ಪಿಕ್ಸೆಲ್ ಅನ್ನೋ ಕಡೆ ಲಂಬ, ಅಂದ್ರೆ ಗೆರೆಗಳು ಮೇಲೆ-ಕೆಳಗೆ, ಅಂತ ಎರಡಿವೆ. ಎರಡನ್ನೂ ಹಾಕಿ ನೋಡಿ."

ಮೊದಲನೆಯದನ್ನು ಒತ್ತಿ, ಕಡತ ಮುಚ್ಚಿ ತೆರೆದಳು. ಬಣ್ಣ ಅಂಚು ಬಿಟ್ಟು ಅಕ್ಷರದ ತಲೆಗೂ ಕಾಲಿಗೂ ಮೆತ್ತಿಕೊಂಡಿತು. ಎರಡನೆಯದನ್ನು ಒತ್ತಿ ಮತ್ತೆ ತೆರೆದಳು. ಈ ಸಲ ಒತ್ತಕ್ಷರಗಳು ಕೂಡ ಈಗಷ್ಟೇ ಶಾಯಿ ಆರಿದಂತೆ ಕಪ್ಪಗೆ ಕುಳಿತಿದ್ದವು.

ತಪ್ಪಕ್ಕ ಪುಟವನ್ನು ಮೇಲಿಂದ ಕೆಳಗೆ ಓದಿದಳು. ಹನ್ನೊಂದನೆಯ ಸಾಲಿನಲ್ಲಿ ನಿಂತು ಒಂದು ತಪ್ಪು ತಿದ್ದಿದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಒರೆಸಿದ್ದನ್ನು ಕಂಡೆನೇನೋ ಎಂದು ನನ್ನತ್ತ ಗುರಾಯಿಸಿದಳು. ನಾನು ಇಸ್ತ್ರಿಪೆಟ್ಟಿಗೆ ನೋಡುತ್ತಿದ್ದೆ.

"ಶನಿವಾರ ಬರ್ತೀನಿ ಯಜಮಾನ್ರೇ" ಎಂದು ಪ್ರೆಸ್ಸಿಗೆ ಫೋನ್ ಮಾಡಿದಳು. "ಕೆಲಸ ಬಿಡೋಕಲ್ಲ. ಮುಂದಿನ ಪುಸ್ತಕ ತಗೊಂಡು ಹೋಗೋಕೆ."

"ಮೊದಲನೇ ಕನ್ನಡಕ ಮಾತ್ರ ಇಟ್ಕೊಳ್ಳಿ ಅಕ್ಕ, ಐವತ್ತಕ್ಕೆ ಅದು ಬೇಕೇ ಬೇಕು. ಎರಡನೇದು ಕೊಡಿ, ವಾಪಸ್ ತಗೋತೀನಿ."

"ಕೊಡದೆ ಬಿಡ್ತೀನಾ?"

ಮರುದಿನ ಬೆಳಿಗ್ಗೆ ತರಕಾರಿ ಚೀಲ ಹಿಡಿದು ಅಂಗಡಿಯ ಮುಂದೆ ಹಾದುಹೋದಳು. ನಿಲ್ಲಲಿಲ್ಲ. ಬೋರ್ಡಿನ ಕಡೆ ಕತ್ತೆತ್ತಿ ಎರಡು ಬೆರಳು ತೋರಿಸಿದಳು. ಎರಡು ತಿಂಗಳಿಂದ ಆ ಬೆರಳುಗಳು ಎದ್ದಿರಲೇ ಇಲ್ಲ ಎಂಬುದು ನನಗೆ ಆಗ ಹೊಳೆಯಿತು.

ಬೋರ್ಡನ್ನು ಈಗಲೂ ತಿದ್ದಿಸಿಲ್ಲ. ತಿದ್ದಿಸುವ ಯೋಚನೆಯೂ ಇಲ್ಲ.